ಬೇರೆ ಊರಿಗೆ ಹೋದಾಗ ಇಷ್ಟದ ಸಿಂಗರ್-ಸಾಂಗ್‌ರೈಟರ್ ಶೋ ನೋಡುವುದು ಹೇಗೆ? ಟಿಕೆಟ್‌ನಿಂದ ಕೊನೆಯ ಹಾಡಿನವರೆಗೆ

"ಮುಂದಿನ ತಿಂಗಳು ಆ ಊರಿಗೆ ಹೋಗ್ತಿದ್ದೀನಿ, ನಂಗೆ ತುಂಬಾ ಇಷ್ಟದ ಹಾಡುಗಾರರ ಶೋ ಅದೇ ವಾರ ಅಲ್ಲೇ ಇದೆಯಂತೆ. ಟಿಕೆಟ್ ಎಲ್ಲಿ ತಗೊಳ್ಳೋದು, ಎಷ್ಟೊತ್ತಿಗೆ ಹೋಗೋದು?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಸಿಂಗರ್-ಸಾಂಗ್‌ರೈಟರ್ ಅಂದರೆ ತಾವೇ ಹಾಡು ಬರೆದು, ತಾವೇ ರಾಗ ಕಟ್ಟಿ, ತಾವೇ ಹಾಡುವವರು. ಬಾಬ್ ಡಿಲನ್, ಜೋನಿ ಮಿಚೆಲ್, ಲೆನರ್ಡ್ ಕೊಹೆನ್, ಟ್ರೇಸಿ ಚಾಪ್‌ಮನ್ ಇವರೆಲ್ಲ ಈ ಸಾಲಿನವರು. ಇಂಥವರ ಶೋಗೆ ಹೋಗುವುದು ಡಾನ್ಸ್ ಶೋಗೋ ರಾಕ್ ಬ್ಯಾಂಡಿಗೋ ಹೋದಂತಲ್ಲ. ಇಲ್ಲಿ ಸಾಹಿತ್ಯವೇ ಪ್ರಾಣ, ಮಾತು ಕಿವಿಗೆ ಬೀಳಬೇಕು. ಹಾಲ್ ಯಾವುದು, ಸೀಟು ಎಲ್ಲಿ, ಎಷ್ಟು ಬೇಗ ಹೋಗಬೇಕು ಎಂದು ತೀರ್ಮಾನಿಸುವಾಗಲೆಲ್ಲ "ಅಲ್ಲಿ ನನಗೆ ಮಾತು ಕೇಳಿಸುತ್ತದಾ?" ಎಂದು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕೈಯಲ್ಲಿ ಇರಬೇಕಾದ್ದು ಜಾಸ್ತಿ ಏನಿಲ್ಲ. ಫೋಟೋ ಇರುವ ಗುರುತಿನ ಚೀಟಿ (ಬೇರೆ ದೇಶವಾದರೆ ಪಾಸ್‌ಪೋರ್ಟ್), ಹೊರದೇಶದ ಪಾವತಿ ಆನ್ ಮಾಡಿಸಿದ ಕಾರ್ಡ್, ಪೂರ್ತಿ ಚಾರ್ಜ್ ಆದ ಫೋನ್, ಒಂದು ಸಣ್ಣ ಬ್ಯಾಗ್, ಒಂದು ಜೊತೆ ಇಯರ್‌ಪ್ಲಗ್.

1. ಯಾರು, ಎಲ್ಲಿ, ಯಾವತ್ತು: ಮೊದಲು ಖಚಿತ ಮಾಡಿಕೊಳ್ಳಿ

ಹಾಡುಗಾರರ ಸ್ವಂತ ವೆಬ್‌ಸೈಟಿನ 'ಟೂರ್' ಪುಟದಿಂದ ಶುರು ಮಾಡಿ. ಸಾಂಗ್‌ಕಿಕ್, ಬ್ಯಾಂಡ್ಸ್‌ಇನ್‌ಟೌನ್ ಆಪ್‌ಗಳಲ್ಲಿ ಇಷ್ಟದ ಹೆಸರುಗಳನ್ನು ಫಾಲೋ ಮಾಡಿ, ನೀವು ಹೋಗುವ ಊರನ್ನೂ ಸೇರಿಸಿದರೆ ಹೊಸ ಶೋ ಬಂದಾಗ ತಿಳಿಸುತ್ತವೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಆ ಊರಿನ ಐದಾರು ಚಿಕ್ಕ ಹಾಲ್‌ಗಳ ಹೆಸರು ಹುಡುಕಿ, ಅವರ ಕ್ಯಾಲೆಂಡರನ್ನೇ ತೆರೆದು ನೋಡಿ. ಇನ್ನೂ ಹೆಸರಾಗದ ಒಳ್ಳೆಯ ಹಾಡುಗಾರರು ಎಷ್ಟೋ ಸಲ ಅಲ್ಲಿ ಮಾತ್ರ ಕಾಣಿಸುತ್ತಾರೆ.

ಜನ ಎಡವುವುದು ಇಲ್ಲೇ. ಮೊದಲನೆಯದು ಊರಿನ ಹೆಸರು. ಕೇಂಬ್ರಿಜ್ ಇಂಗ್ಲೆಂಡಿನಲ್ಲೂ ಇದೆ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲೂ ಇದೆ. ಎರಡಕ್ಕೂ ಫೋಕ್ ಸಂಗೀತದ, ಅಂದರೆ ಜನಪದ ಧಾಟಿಯ ಹಾಡುಗಳ, ದೊಡ್ಡ ನಂಟಿರುವುದರಿಂದ ಗೊಂದಲ ಇನ್ನೂ ಜಾಸ್ತಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1965ರಲ್ಲಿ ಶುರುವಾದ ಫೋಕ್ ಹಬ್ಬವಿದೆ. ಅಮೆರಿಕದ ಕೇಂಬ್ರಿಜ್‌ನಲ್ಲಿ ಕ್ಲಬ್ ಪಾಸಿಮ್ ಎಂಬ ಫೋಕ್ ಹಾಡಿನ ಜಾಗ ಇದೆ. ಅದು 1958ರಲ್ಲಿ ಕ್ಲಬ್ 47 ಎಂಬ ಹೆಸರಿನಲ್ಲಿ ಶುರುವಾಯಿತು, ಹೆಸರಾಂತ ಫೋಕ್ ಹಾಡುಗಾರ್ತಿ ಜೋನ್ ಬೇಯೆಜ್ ತಮ್ಮ ಆರಂಭದ ದಿನಗಳಲ್ಲಿ ಹಾಡಿದ್ದು ಅಲ್ಲಿ. ಪೋರ್ಟ್‌ಲ್ಯಾಂಡ್, ಬರ್ಮಿಂಗ್‌ಹ್ಯಾಮ್, ಲಂಡನ್ ಕೂಡ ಒಂದಕ್ಕಿಂತ ಜಾಸ್ತಿ ಇವೆ. ಹಾಲ್ ಹೆಸರೂ ಹಾಗೆಯೇ. 'ಟ್ರೂಬಡೂರ್' ಲಂಡನ್ನಿನಲ್ಲಿ 1954ರಿಂದ ಇದೆ, ಲಾಸ್ ಏಂಜಲಿಸ್ ಕಡೆ 1957ರಲ್ಲಿ ಇನ್ನೊಂದು ಶುರುವಾಯಿತು. ಎರಡೂ ಹಾಡುಗಾರರಿಗೆ ಹೆಸರಾದ ಜಾಗಗಳೇ. ದುಡ್ಡು ಕಟ್ಟುವ ಮುಂಚೆ ರಸ್ತೆ ಹೆಸರು ಮತ್ತು ದೇಶವನ್ನು ಓದಿ.

ಎರಡನೆಯದು ತಾರೀಖು. 04/07 ಅಂದರೆ ಅಮೆರಿಕದಲ್ಲಿ ಏಪ್ರಿಲ್ 7, ಯೂರೋಪಿನಲ್ಲಿ ಜುಲೈ 4. ಹಾಗಾಗಿ ವಾರದ ದಿನವನ್ನೂ ಹೊಂದಿಸಿ ನೋಡಿ. ತಡರಾತ್ರಿ ಶೋ ಇದ್ದರೆ ಇನ್ನೂ ಎಚ್ಚರ ಬೇಕು. 'ಶನಿವಾರ 12.30' ಎಂದಿದ್ದರೆ ಅದು ಶುಕ್ರವಾರ ರಾತ್ರಿ ಕಳೆದ ಮೇಲಿನದೋ, ಶನಿವಾರ ರಾತ್ರಿ ಕಳೆದ ಮೇಲಿನದೋ ಎಂದು ಹಾಲ್‌ನವರಿಗೇ ಒಂದು ಮೇಲ್ ಹಾಕಿ ಕೇಳಿಬಿಡಿ.

2. ಹಾಲ್ ಎಂಥದ್ದು ಎಂದು ತಿಳಿದುಕೊಳ್ಳಿ

ಇದಕ್ಕೆ ಯಾರೂ ಸಮಯ ಕೊಡುವುದಿಲ್ಲ. ನನ್ನ ಪ್ರಕಾರ ಅರ್ಧ ಶೋ ನಿರ್ಧಾರವಾಗುವುದೇ ಇಲ್ಲಿ. ಅದೇ ಹಾಡುಗಾರರು ಇಪ್ಪತ್ತು ಸಾವಿರ ಜನರ ಅರೀನಾದಲ್ಲಿ ಹಾಡಿದರೆ ನೀವು ನೋಡುವುದು ದೊಡ್ಡ ಪರದೆಯನ್ನು. ನೂರು ಜನರ ಕೋಣೆಯಲ್ಲಿ ಹಾಡಿದರೆ ತಂತಿಯ ಮೇಲೆ ಬೆರಳು ಜಾರುವ ಸದ್ದೂ ಕೇಳುತ್ತದೆ. ಆಯ್ಕೆ ಇದ್ದರೆ ಚಿಕ್ಕದಕ್ಕೇ ಹೋಗಿ, ಅದಕ್ಕಾಗಿ ಪ್ರವಾಸವನ್ನು ಒಂದು ದಿನ ಹಿಂದೆ ಮುಂದೆ ಮಾಡಬೇಕಾದರೂ ಸರಿ.

'ಲಿಸನಿಂಗ್ ರೂಮ್' ಎಂಬ ಪದ ಕಣ್ಣಿಗೆ ಬಿದ್ದರೆ ಬಿಡಬೇಡಿ. ಹಾಡು ನಡೆಯುವಾಗ ಮಾತಾಡಬಾರದು ಎಂಬ ನಿಯಮ ಇಟ್ಟುಕೊಂಡ ಜಾಗಗಳಿಗೆ ಹಾಗೆನ್ನುತ್ತಾರೆ. ಎಲ್ಲಕ್ಕಿಂತ ಹೆಸರಾದದ್ದು ಅಮೆರಿಕದ ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆ. 1982ರಲ್ಲಿ ಶುರುವಾದ ಇದು ಊರ ನಡುವಿನಲ್ಲಿಲ್ಲ, ಒಂದು ಸಾಧಾರಣ ಅಂಗಡಿಸಾಲಿನ ಒಳಗಿದೆ. ಹೊರಗಿನಿಂದ ನೋಡಿದರೆ ಇದೇನಾ ಅನ್ನಿಸುತ್ತದೆ. ಒಳಗೆ ಸುಮಾರು 90 ಸೀಟು, ಅಷ್ಟೇ. ಅಲ್ಲಿ 1985ರಿಂದ 'ಇನ್ ದ ರೌಂಡ್' ಎಂಬ ಪದ್ಧತಿ ನಡೆದುಬಂದಿದೆ. ಮೂರೋ ನಾಲ್ಕೋ ಹಾಡು ಕಟ್ಟುವವರು ಕೋಣೆಯ ಮಧ್ಯೆ ಎದುರುಬದುರಾಗಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಜನ ಸುತ್ತ ಕೂರುತ್ತಾರೆ, ವೇದಿಕೆಯೇ ಇಲ್ಲ. ಸರದಿಯಂತೆ ಒಬ್ಬೊಬ್ಬರು ಒಂದೊಂದು ಹಾಡು ಹಾಡುತ್ತಾರೆ. ಆ ಹಾಡು ಹೇಗೆ ಹುಟ್ಟಿತು ಎಂದು ಮೊದಲು ನಾಲ್ಕು ಮಾತು ಹೇಳುತ್ತಾರೆ, ಪಕ್ಕದವರು ಸುಮ್ನೆ ಒಂದು ದನಿ ಸೇರಿಸುತ್ತಾರೆ. ಬೇರೆಯವರ ಬಾಯಲ್ಲಿ ಹಿಟ್ ಆದ ಹಾಡನ್ನು ಅದನ್ನು ಬರೆದವರ ದನಿಯಲ್ಲೇ ಕೇಳುವ ಅವಕಾಶ ಇಂಥ ಕಡೆ ಸಿಗುತ್ತದೆ. ಸೀಟು ಕಡಿಮೆ ಇರುವುದರಿಂದ ಬುಕಿಂಗ್ ಯಾವಾಗ ತೆರೆಯುತ್ತದೆ ಎಂದು ಅವರ ವೆಬ್‌ಸೈಟಿನಲ್ಲಿ ನೋಡಿಕೊಂಡು ಅದೇ ನಿಮಿಷಕ್ಕೆ ತಯಾರಾಗಿರಿ.

ಟಿಕೆಟ್ ಪುಟದಲ್ಲಿ ಕಾಣುವ ಕೆಲವು ಪದಗಳು ಇಲ್ಲಿವೆ. 'ಜನರಲ್ ಅಡ್ಮಿಷನ್' ಅಂದರೆ ಸೀಟ್ ನಂಬರ್ ಇಲ್ಲ, ಮೊದಲು ಬಂದವರು ಮುಂದೆ, ಬಹಳ ಸಲ ನಿಂತೇ ಕೇಳಬೇಕು. 'ರಿಸ್ಟ್ರಿಕ್ಟೆಡ್ ವ್ಯೂ' ಅಂದರೆ ಕಂಬವೋ ಸ್ಪೀಕರೋ ಅಡ್ಡ ಬರುತ್ತದೆ. ಹಾಡು ಕೇಳುವುದೇ ಮುಖ್ಯ ಅನ್ನುವವರಿಗೆ ಇದು ಕಡಿಮೆ ದುಡ್ಡಿನ ಒಳ್ಳೆಯ ಸೀಟು. 'ಮಿನಿಮಮ್' ಅಂದರೆ ಟಿಕೆಟ್ ಅಲ್ಲದೆ ಒಳಗೆ ಇಷ್ಟು ಮೊತ್ತದ್ದು ತಿನ್ನಲೇಬೇಕು ಅಥವಾ ಕುಡಿಯಲೇಬೇಕು ಎಂಬ ಷರತ್ತು. 'ವಿಲ್ ಕಾಲ್' ಅಂದರೆ ಟಿಕೆಟನ್ನು ಶೋ ದಿನ ಕೌಂಟರಿನಲ್ಲಿ ಗುರುತಿನ ಚೀಟಿ ತೋರಿಸಿ ತೆಗೆದುಕೊಳ್ಳುವುದು.

ವಯಸ್ಸಿನ ಮಿತಿಯನ್ನೂ ಓದಿ. ಅಮೆರಿಕದ ಎಷ್ಟೋ ಕ್ಲಬ್‌ಗಳು 21 ತುಂಬದವರನ್ನು ಒಳಗೆ ಬಿಡುವುದಿಲ್ಲ. ಕಾಲೇಜು ಓದುವ ಮಗಳನ್ನೋ ತಮ್ಮನನ್ನೋ ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲುವಂತಾಗಬಾರದು.

3. ಟಿಕೆಟ್ ತಗೊಳ್ಳಿ, ಆದರೆ ಸರಿಯಾದ ಬಾಗಿಲಿನಿಂದ

ಹಾಡುಗಾರರ ಟೂರ್ ಪುಟದಲ್ಲೋ ಹಾಲ್‌ನ ಪುಟದಲ್ಲೋ ಇರುವ ಲಿಂಕ್ ಒತ್ತಿ ಮಾತ್ರ ಟಿಕೆಟ್ ಪುಟಕ್ಕೆ ಹೋಗಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತುಗಳು ಬಹಳ ಸಲ ಮರುಮಾರಾಟದವರದ್ದು. ನೋಡಲು ಅಧಿಕೃತ ಪುಟದಂತೆಯೇ ಇರುತ್ತವೆ, ಹೆಸರಿನಲ್ಲಿ ಹಾಲ್‌ನ ಹೆಸರೂ ಇರುತ್ತದೆ. ಇನ್ನೂ ಕೆಟ್ಟದ್ದೆಂದರೆ ಕೆಲವರು ತಮ್ಮ ಕೈಯಲ್ಲಿ ಇಲ್ಲದ ಟಿಕೆಟನ್ನೇ ಮಾರಾಟಕ್ಕಿಟ್ಟು, ನೀವು ದುಡ್ಡು ಕೊಟ್ಟ ಮೇಲೆ ಹುಡುಕಲು ಹೋಗುತ್ತಾರೆ. ಸಿಗದಿದ್ದರೆ ದುಡ್ಡು ವಾಪಸ್ ಬಂದರೂ ಬರಬಹುದು, ನಿಮ್ಮ ಪ್ರಯಾಣದ ಖರ್ಚು ಮಾತ್ರ ಹೋದದ್ದೇ. ಮಾಮೂಲಿ ಮಾರಾಟ ಇನ್ನೂ ಶುರುವೇ ಆಗದ ಶೋಗೆ ಯಾರಾದರೂ ಟಿಕೆಟ್ ಮಾರುತ್ತಿದ್ದರೆ ತುಂಬಾ ಅನುಮಾನದಿಂದಲೇ ನೋಡಿ.

ಕೆಲವು ದೇಶಗಳಲ್ಲಿ ಕಾನೂನು ನಿಮ್ಮ ಕಡೆಗಿದೆ. ಐರ್ಲೆಂಡ್ 2021ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಗೊತ್ತುಪಡಿಸಿದ ಹಾಲ್‌ಗಳ ಮತ್ತು ಕಾರ್ಯಕ್ರಮಗಳ ಟಿಕೆಟನ್ನು ಮುಖಬೆಲೆಗಿಂತ ಜಾಸ್ತಿಗೆ ಮಾರುವಂತಿಲ್ಲ. ಮುಖಬೆಲೆ ಅಂದರೆ ಟಿಕೆಟಿನ ಮೂಲ ದರ. ಜಪಾನ್‌ನಲ್ಲೂ 2019ರಿಂದ ಇಂಥ ಕಾನೂನು ಇದೆ. ಅಮೆರಿಕದಲ್ಲಿ 2025ರ ಮೇ ತಿಂಗಳಿಂದ ಬಂದ ನಿಯಮದಂತೆ, ಲೈವ್ ಶೋ ಟಿಕೆಟಿನ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಪೂರ್ತಿ ಮೊತ್ತವನ್ನು ಮೊದಲೇ ತೋರಿಸಬೇಕು. ಬೇರೆ ಕೆಲವು ಕಡೆ ಕೊನೆಯ ಪುಟದಲ್ಲಿ ಶುಲ್ಕ ಸೇರುವುದೂ ಉಂಟು, ಅದನ್ನು ನೋಡಿಯೇ ಲೆಕ್ಕ ಹಾಕಿ.

ಮಾರಾಟ ಶುರುವಾಗುವ ಗಂಟೆ ಆ ಊರಿನ ಗಡಿಯಾರದ್ದು. ಬೆಳಗ್ಗೆ 10 ಎಂದರೆ ನಿಮ್ಮಲ್ಲಿ ರಾತ್ರಿ ಇರಬಹುದು. ಎಷ್ಟೋ ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ, ಹಾಗಾಗಿ ಹಳೆಯ ಲೆಕ್ಕ ನಂಬಬೇಡಿ. 'ಪ್ರೀಸೇಲ್' ಎಂಬುದು ಎಲ್ಲರಿಗೂ ತೆರೆಯುವ ಮುಂಚೆ ನಡೆಯುವ ಮಾರಾಟ. ಹಾಡುಗಾರರ ಮೇಲಿಂಗ್ ಲಿಸ್ಟಿಗೆ ಸೇರಿದವರಿಗೆ ಅದರ ಕೋಡ್ ಬರುತ್ತದೆ, ಹೆಚ್ಚಾಗಿ ಪುಕ್ಕಟೆ. ಟೂರ್ ಘೋಷಣೆಯಾಗುವ ಮುಂಚೆಯೇ ಸೇರಿಕೊಂಡಿರಿ.

ದುಡ್ಡು ಕಟ್ಟುವಾಗ ಬರುವ ತೊಂದರೆಗಳೂ ಇವೆ. ಬ್ಯಾಂಕಿನ ಓಟಿಪಿ ನಿಮ್ಮ ಹಳೆಯ ಸಿಮ್‌ಗೇ ಬರುತ್ತದೆ. ಪ್ರವಾಸದಲ್ಲಿ ಆ ಸಿಮ್ ಕೆಲಸ ಮಾಡದಿದ್ದರೆ ಪಾವತಿ ಅಲ್ಲಿಗೇ ನಿಂತಿತು. ಆದ್ದರಿಂದ ಮನೆಯಲ್ಲಿರುವಾಗಲೇ ಕೊಂಡುಬಿಡಿ. ಪುಟವು "ನಿಮ್ಮ ದೇಶದ ಕರೆನ್ಸಿಯಲ್ಲಿ ಕಟ್ಟುತ್ತೀರಾ?" ಎಂದು ಕೇಳಿದರೆ ಬೇಡ ಅನ್ನಿ, ಆ ಊರಿನ ಕರೆನ್ಸಿಯಲ್ಲೇ ಕಟ್ಟಿ. ಆ ಅನುಕೂಲಕ್ಕೆ ಹಾಕುವ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ಈಗಿನ ಎಷ್ಟೋ ಟಿಕೆಟ್‌ಗಳು ಆಪ್ ಒಳಗೇ ಇರುತ್ತವೆ. ಬಾರ್‌ಕೋಡ್ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ, ಸ್ಕ್ರೀನ್‌ಶಾಟ್ ತೋರಿಸಿದರೆ ಒಳಗೆ ಬಿಡುವುದಿಲ್ಲ. ಕೆಲವು ಆಪ್ ಎಲ್ಲಾ ದೇಶದ ಆಪ್ ಸ್ಟೋರ್‌ನಲ್ಲೂ ಸಿಗುವುದಿಲ್ಲ. ಕೊಂಡ ದಿನವೇ ಆಪ್ ಹಾಕಿಕೊಂಡು, ಲಾಗಿನ್ ಆಗಿ, ಟಿಕೆಟ್ ನಿಜಕ್ಕೂ ಕಾಣುತ್ತದಾ ನೋಡಿ. ಕಾಣದಿದ್ದರೆ ಆಗಲೇ ಹಾಲ್‌ನವರಿಗೆ ಬರೆದು ಹೆಸರು ಕೌಂಟರಿನಲ್ಲಿ ಇಡಲು ಕೇಳಿ. ವಾರಗಳ ಮುಂಚೆ ಕೇಳಿದರೆ ಜನ ಸಹಾಯ ಮಾಡುತ್ತಾರೆ, ಬಾಗಿಲಲ್ಲಿ ನಿಂತು ಕೇಳಿದರೆ ಅವರಿಗೂ ಪುರುಸೊತ್ತಿರುವುದಿಲ್ಲ.

4. ಟಿಕೆಟ್ ಖಾಲಿ ಆಗಿದ್ದರೆ

'ಸೋಲ್ಡ್ ಔಟ್' ಎಂದು ಕಂಡ ಕೂಡಲೇ ದುಪ್ಪಟ್ಟು ದರಕ್ಕೆ ಕೈಹಾಕಬೇಡಿ. ವೇದಿಕೆ, ಕ್ಯಾಮೆರಾ, ಸೌಂಡ್ ಸಾಮಾನು ಎಲ್ಲಿ ಬರುತ್ತದೋ ಎಂದು ಕೆಲವು ಸೀಟುಗಳನ್ನು ಮೊದಲೇ ತೆಗೆದಿಟ್ಟಿರುತ್ತಾರೆ, ಇದಕ್ಕೆ 'ಪ್ರೊಡಕ್ಷನ್ ಹೋಲ್ಡ್' ಎನ್ನುತ್ತಾರೆ. ಎಲ್ಲ ಜೋಡಿಸಿದ ಮೇಲೆ ಉಳಿದದ್ದನ್ನು ಶೋಗೆ ಒಂದೆರಡು ದಿನ ಮುಂಚೆ, ಕೆಲವು ಸಲ ಅದೇ ಮಧ್ಯಾಹ್ನ, ಮಾಮೂಲಿ ದರಕ್ಕೇ ಬಿಡುತ್ತಾರೆ. ಅಧಿಕೃತ ಪುಟವನ್ನು ಆ ಹೊತ್ತಿಗೆ ಆಗಾಗ ತೆರೆಯುತ್ತಿರಿ. ಕೌಂಟರ್ ಹತ್ತಿರವಿದ್ದರೆ ಹೋಗಿ ಕೇಳಿ. ಟಿಕೆಟ್ ಮಾರುವ ಡೈಸ್ ಆಪ್‌ನಲ್ಲಿ ವೇಟಿಂಗ್ ಲಿಸ್ಟ್ ಇದೆ. ಬ್ರಿಟನ್ನಿನಲ್ಲಿ ಟ್ವಿಕೆಟ್ಸ್ ಎಂಬಲ್ಲಿ ಅಭಿಮಾನಿಗಳು ಬೇಡವಾದ ಟಿಕೆಟನ್ನು ಮೂಲ ದರ ಮೀರದೆ ಮಾರುತ್ತಾರೆ. ಒಬ್ಬರೇ ಹೋಗುವುದಾದರೆ ಸಿಗುವ ಸಾಧ್ಯತೆ ಜಾಸ್ತಿ, ಒಂಟಿ ಸೀಟು ಎಲ್ಲಾದರೂ ಉಳಿದೇ ಇರುತ್ತದೆ.

ಏನೂ ಆಗಲಿಲ್ಲವಾ? ಆ ಊರಿನ 'ಓಪನ್ ಮೈಕ್' ಅಥವಾ 'ಸಾಂಗ್‌ರೈಟರ್ಸ್ ನೈಟ್' ಹುಡುಕಿ. ಓಪನ್ ಮೈಕ್ ಅಂದರೆ ಯಾರು ಬೇಕಾದರೂ ಹೆಸರು ಕೊಟ್ಟು ಒಂದೆರಡು ಹಾಡು ಹಾಡುವ ಸಂಜೆ. ಸೋಫಾರ್ ಸೌಂಡ್ಸ್ ಎಂಬ ಬಳಗ 2009ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಈಗ ಎಷ್ಟೋ ಊರುಗಳಲ್ಲಿ ಚಿಕ್ಕ ಚಿಕ್ಕ ಶೋ ಮಾಡುತ್ತದೆ. ಯಾರು ಹಾಡುತ್ತಾರೆಂದು ಮೊದಲು ಹೇಳುವುದಿಲ್ಲ, ನಿಖರ ವಿಳಾಸವೂ ಕೊನೆಗೆ ತಿಳಿಯುತ್ತದೆ. ಹೆಸರು ಗೊತ್ತಿಲ್ಲದವರ ಹಾಡು ಕೇಳಿ ಮನಸೋಲುವ ಸುಖವೇ ಬೇರೆ. ಹೀಗೆ ಸಿಕ್ಕವರನ್ನು ನಾನು ಇವತ್ತಿಗೂ ಕೇಳುತ್ತೇನೆ.

5. ಪ್ರಯಾಣವನ್ನು ಶೋ ಸುತ್ತ ಹೊಂದಿಸಿ

ಶೋ ದಿನವೇ ಊರಿಗೆ ಇಳಿಯುವ ಪ್ಲಾನ್ ಬೇಡ. ವಿಮಾನ ಮೂರು ಗಂಟೆ ತಡವಾದರೆ ಮುಗಿಯಿತು. ಹಿಂದಿನ ದಿನವೇ ತಲುಪಿ, ದೂರದ ಪ್ರಯಾಣವಾದರೆ ಎರಡು ದಿನ ಮುಂಚೆ. ಬೇರೆ ಟೈಮ್ ಜೋನ್‌ನಿಂದ ಬಂದವರಿಗೆ ರಾತ್ರಿ ಒಂಬತ್ತಕ್ಕೆ ಮೆಲ್ಲನೆಯ ಹಾಡು ಕೇಳುತ್ತಾ ಕಣ್ಣು ಎಳೆಯುವುದು ಸಹಜ. ಆ ಮಧ್ಯಾಹ್ನ ಒಂದು ನಿದ್ದೆ ಮಾಡಿ.

ಶೋ ರದ್ದಾದರೆ ಟಿಕೆಟ್ ದುಡ್ಡು ವಾಪಸ್ ಬರುತ್ತದೆ. ವಿಮಾನದ್ದು, ಹೋಟೆಲಿನದ್ದು ಯಾರೂ ಕೊಡುವುದಿಲ್ಲ. ಒಬ್ಬರೇ ಹಾಡುವವರ ಗಂಟಲು ಕೆಟ್ಟರೆ ಬದಲಿಗೆ ಇನ್ನೊಬ್ಬರಿಲ್ಲ, ಹಾಗಾಗಿ ರದ್ದಾಗುವ ಸಾಧ್ಯತೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕ್ಯಾನ್ಸಲ್ ಮಾಡಬಹುದಾದ ಕೋಣೆಯನ್ನೇ ಹಿಡಿಯಿರಿ, ಆ ಊರಿನಲ್ಲಿ ನೋಡುವಂಥ ಬೇರೆ ಕಾರಣವೂ ಒಂದಿರಲಿ. 'ಪೋಸ್ಟ್‌ಪೋನ್ಡ್' ಅಂದರೆ ರದ್ದಲ್ಲ, ಮುಂದಕ್ಕೆ ಹಾಕಿದ್ದು. ಆಗ ದುಡ್ಡು ವಾಪಸ್ ಕೇಳಲು ಕೆಲವೇ ದಿನದ ಗಡುವು ಇರಬಹುದು, ಟಿಕೆಟ್ ಕಂಪನಿಯ ಮೇಲ್ ಸ್ಪ್ಯಾಮ್‌ಗೆ ಹೋಗದಂತೆ ನೋಡಿಕೊಳ್ಳಿ.

ಕೋಣೆ ಹಾಲ್‌ಗೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೊನೆಯ ರೈಲು ಎಷ್ಟೊತ್ತಿಗೆ ಎಂದು ಮೊದಲೇ ನೋಡಿ. ಭಾನುವಾರ ಬೇಗ ನಿಲ್ಲುವ ಊರುಗಳೂ ಇವೆ.

6. ಹೋಗುವ ಮುಂಚೆ ಸ್ವಲ್ಪ ಓದಿಕೊಳ್ಳಿ

ಹೊಸ ಆಲ್ಬಮ್‌ನ ಸಾಹಿತ್ಯವನ್ನು ಒಮ್ಮೆ ಕಣ್ಣಿಟ್ಟು ಓದಿ, ಅದು ನಿಮ್ಮ ಮಾತೃಭಾಷೆಯಲ್ಲದಿದ್ದರೆ ಖಂಡಿತ ಓದಿ. ಲೈವ್‌ನಲ್ಲಿ ಮೊದಲ ಸಲ ಕೇಳಿದಾಗ ಅರ್ಧ ಪದ ಜಾರಿಹೋಗುತ್ತವೆ. ಸೆಟ್‌ಲಿಸ್ಟ್ ಡಾಟ್ ಎಫ್‌ಎಂ ಎಂಬಲ್ಲಿ ಈ ಟೂರಿನಲ್ಲಿ ಯಾವ ಹಾಡು ಯಾವ ಕ್ರಮದಲ್ಲಿ ಹಾಡುತ್ತಿದ್ದಾರೆ ಎಂದು ಅಭಿಮಾನಿಗಳು ಬರೆದಿಡುತ್ತಾರೆ, ಆ ಪಟ್ಟಿಗೆ 'ಸೆಟ್‌ಲಿಸ್ಟ್' ಎನ್ನುತ್ತಾರೆ. ಗುಟ್ಟು ಉಳಿಯಲಿ ಎನ್ನುವವರು ನೋಡಬೇಡಿ.

ಒಂದು ಮಾತು ಮಾತ್ರ ನೆನಪಿರಲಿ, ರೆಕಾರ್ಡಿನಲ್ಲಿ ಕೇಳಿದಂತೆಯೇ ಹಾಡುತ್ತಾರೆ ಎಂದುಕೊಂಡು ಹೋಗಬೇಡಿ. 2016ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಬಾಬ್ ಡಿಲನ್ ತಮ್ಮ ಹಳೆಯ ಹಾಡುಗಳ ಧಾಟಿಯನ್ನೇ ಬದಲಿಸಿಬಿಡುತ್ತಾರೆ, ಎರಡು ಸಾಲು ಕಳೆದ ಮೇಲೆ ಇದು ಯಾವ ಹಾಡು ಎಂದು ಗೊತ್ತಾಗುತ್ತದೆ. ಹಿಟ್ ಹಾಡೊಂದಕ್ಕಾಗಿಯೇ ಹೋದವರು ಬೇಸರಪಟ್ಟುಕೊಂಡು ಬರುತ್ತಾರೆ.

7. ಆ ಸಂಜೆ

ಟಿಕೆಟಿನಲ್ಲಿ 'ಡೋರ್ಸ್ 7, ಶೋ 8' ಎಂದಿದ್ದರೆ ಏಳಕ್ಕೆ ಬಾಗಿಲು ತೆರೆಯುತ್ತದೆ, ಎಂಟಕ್ಕೆ ಮೊದಲ ಹಾಡುಗಾರರು ಬರುತ್ತಾರೆ. ಅವರು ಸಾಮಾನ್ಯವಾಗಿ 'ಸಪೋರ್ಟ್ ಆಕ್ಟ್', ಅಂದರೆ ಮುಖ್ಯ ಹಾಡುಗಾರರಿಗಿಂತ ಮುಂಚೆ ಅರ್ಧ ಗಂಟೆ ಹಾಡುವವರು. ಹಾಗೆಂದು ಒಂಬತ್ತಕ್ಕೆ ಹೋದರಾಯಿತು ಎಂದುಕೊಳ್ಳಬೇಡಿ. ಕೆಲವು ಶೋಗಳಲ್ಲಿ ಸಪೋರ್ಟ್ ಇರುವುದೇ ಇಲ್ಲ, ಎಂಟಕ್ಕೆ ಮುಖ್ಯ ಹಾಡುಗಾರರೇ ನಿಂತಿರುತ್ತಾರೆ. ತಡವಾಗಿ ಬಂದವರನ್ನು ಹಾಡಿನ ಮಧ್ಯೆ ಒಳಗೆ ಬಿಡದ ಹಾಲ್‌ಗಳೂ ಇವೆ. ಹಾಲ್‌ನವರು ಬಹಳ ಸಲ ಆ ದಿನದ ವೇಳಾಪಟ್ಟಿಯನ್ನು ಸೋಶಿಯಲ್ ಮೀಡಿಯಾದಲ್ಲಿ ಹಾಕುತ್ತಾರೆ, ನೋಡಿ. ಸಪೋರ್ಟ್ ಆಕ್ಟನ್ನು ತಪ್ಪಿಸಬೇಡಿ ಎಂದು ನನ್ನ ಕೋರಿಕೆ. ಮುಖ್ಯ ಹಾಡುಗಾರರೇ ಮೆಚ್ಚಿ ಕರೆದುಕೊಂಡು ಬಂದವರು ಅವರಾಗಿರಬಹುದು.

ಸೂಟ್‌ಕೇಸ್, ದೊಡ್ಡ ಬೆನ್ನುಚೀಲ ತಗೊಂಡು ನೇರ ಹಾಲ್‌ಗೆ ಹೋಗಬೇಡಿ, ಬಿಡುವುದಿಲ್ಲ. ಬ್ಯಾಗಿನ ಅಳತೆ ಎಷ್ಟಿರಬೇಕು ಎಂದು ವೆಬ್‌ಸೈಟಿನಲ್ಲಿ ಬರೆದಿರುತ್ತಾರೆ. ಕೆಲವು ಕಡೆ ಪಾರದರ್ಶಕ ಚೀಲವೇ ಆಗಬೇಕು.

ಫೋನ್ ನಿಷೇಧದ ಶೋಗಳೂ ಈಗ ಇವೆ. ಬಾಬ್ ಡಿಲನ್ ಇತ್ತೀಚಿನ ವರ್ಷಗಳಲ್ಲಿ ಇಂಥ ಎಷ್ಟೋ ಶೋ ಮಾಡಿದ್ದಾರೆ. ಬಾಗಿಲಲ್ಲಿ ನಿಮ್ಮ ಫೋನನ್ನು ಒಂದು ಚೀಲಕ್ಕೆ ಹಾಕಿ ಬೀಗ ಹಾಕುತ್ತಾರೆ. ಚೀಲ ನಿಮ್ಮ ಹತ್ತಿರವೇ ಇರುತ್ತದೆ, ಹೊರಗೆ ಬಂದಾಗ ತೆಗೆದುಕೊಡುತ್ತಾರೆ. ಹಾಗಾಗಿ ಸೀಟ್ ನಂಬರನ್ನು ಕಾಗದದಲ್ಲಿ ಬರೆದುಕೊಳ್ಳಿ, ಜೊತೆಗೆ ಬಂದವರು ಬೇರೆ ಕಡೆ ಕೂತರೆ ಶೋ ಮುಗಿದ ಮೇಲೆ ಎಲ್ಲಿ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಿ.

8. ಒಳಗೆ

ನಿಲ್ಲುವ ಶೋ ಆದರೆ ಎಲ್ಲರೂ ಮುಂದಕ್ಕೆ ನುಗ್ಗುತ್ತಾರೆ. ನೀವು ಸೌಂಡ್ ಡೆಸ್ಕ್ ಹುಡುಕಿ, ಅಂದರೆ ಶಬ್ದ ಹೊಂದಿಸುವವರು ಕೂರುವ ಮೇಜು. ಅವರು ತಮ್ಮ ಕಿವಿಗೆ ಸರಿ ಬರುವಂತೆ ಹೊಂದಿಸುವುದರಿಂದ ಅದರ ಮುಂದೆ ನಿಂತವರಿಗೆ ಮಾತು ಸ್ಪಷ್ಟವಾಗಿ ಕೇಳುತ್ತದೆ. ತೀರಾ ಮುಂದಿನ ಸಾಲಿನಲ್ಲಿ ಮುಖ ಕಾಣುತ್ತದೆ, ದನಿ ಎಷ್ಟೋ ಸಲ ತಲೆಯ ಮೇಲಿಂದ ಹಾದುಹೋಗುತ್ತದೆ. ಬಾರ್ ಪಕ್ಕ ಮಾತ್ರ ಬೇಡ, ಅಲ್ಲಿ ಹರಟೆ ನಿಲ್ಲುವುದಿಲ್ಲ.

ಇಯರ್‌ಪ್ಲಗ್ ಗಿಟಾರ್ ಶೋಗೂ ಬೇಕಾ ಎಂದು ಕೇಳುತ್ತಾರೆ. ಜೊತೆಗೆ ಬ್ಯಾಂಡ್ ಇದ್ದರೆ ಬೇಕು. ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇರಬಹುದು, ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧವಾಗುತ್ತದೆ. 100ಕ್ಕೆ ಬಂದಾಗ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹಾಲ್‌ಗಳಿಗೆ ಹೇಳಿದ ಮಿತಿಯೂ ಸರಾಸರಿ 100 ಡೆಸಿಬೆಲ್. ಸಂಗೀತಕ್ಕೆಂದೇ ಮಾಡಿದ ಇಯರ್‌ಪ್ಲಗ್ ಕೊಳ್ಳಿ. ಅದು ಸದ್ದನ್ನು ತಗ್ಗಿಸುತ್ತದೆ, ಮಾತನ್ನು ಮಂಕು ಮಾಡುವುದಿಲ್ಲ.

ಇನ್ನು ಸುಮ್ಮನಿರುವ ವಿಷಯ. ಎರಡು ಹಾಡುಗಳ ನಡುವೆ ಹಾಡುಗಾರರು ತಲೆ ತಗ್ಗಿಸಿ ಗಿಟಾರ್ ಶ್ರುತಿ ಮಾಡಿಕೊಳ್ಳುತ್ತಾ ನಿಲ್ಲುತ್ತಾರೆ, ಕೆಲವು ಸಲ ಒಂದು ನಿಮಿಷವೂ ಹಿಡಿಯುತ್ತದೆ. ಗಿಟಾರಿನ ಕುತ್ತಿಗೆಗೆ ಒಂದು ಚಿಕ್ಕ ಕ್ಲಿಪ್ ಹಾಕಿ ತೆಗೆಯುತ್ತಾರೆ, ಅದು ಕೇಪೊ, ಶ್ರುತಿ ಏರಿಸಲು. ಹೊಸಬರು ಇದನ್ನು ಬಿಡುವು ಎಂದುಕೊಂಡು ಮಾತಿಗಿಳಿಯುತ್ತಾರೆ. ಒಂದೊಂದು ಹಾಡಿಗೆ ತಂತಿಗಳ ಶ್ರುತಿಯೇ ಬೇರೆ ಇರುತ್ತದೆ. ಜೋನಿ ಮಿಚೆಲ್ ಅವರಿಗೆ ಬಾಲ್ಯದಲ್ಲಿ ಪೋಲಿಯೊ ಬಂದು ಎಡಗೈ ಬಲ ಕುಂದಿತ್ತು, ಆ ಕೈಗೆ ಒಗ್ಗುವಂತೆ ಅವರು ಹತ್ತಾರು ಬಗೆಯ ಶ್ರುತಿಗಳನ್ನು ಕಂಡುಕೊಂಡರು. ಅವರ ಹಾಡುಗಳಿಗೆ ಆ ಬಣ್ಣ ಬಂದದ್ದು ಅದರಿಂದಲೂ ಹೌದು. ತಂತಿ ತಿರುವುತ್ತಲೇ ಹಾಡುಗಾರರು ಮೆಲ್ಲಗೆ ಏನೋ ಹೇಳಲು ಶುರು ಮಾಡುತ್ತಾರೆ: ಈ ಹಾಡು ಯಾರಿಗಾಗಿ ಬರೆದದ್ದು, ಯಾವ ಸಾಲನ್ನು ಆಮೇಲೆ ಹೊಡೆದುಹಾಕಿದ್ದು. ಇದು ಯಾವ ಆಲ್ಬಮ್‌ನಲ್ಲೂ ಸಿಗುವುದಿಲ್ಲ. ಆ ಒಂದು ನಿಮಿಷ ದಯವಿಟ್ಟು ಮಾತಾಡಬೇಡಿ, ಪಕ್ಕದವರ ಸಲುವಾಗಿಯಾದರೂ.

ವಿಡಿಯೋ ಮಾಡಲೇಬೇಕು ಅನ್ನಿಸಿದರೆ ಒಂದು ಹಾಡಿನ ಅರ್ಧ ನಿಮಿಷ ಮಾಡಿ, ಪರದೆಯ ಬೆಳಕು ತಗ್ಗಿಸಿ. ಮೆಲ್ಲನೆಯ ಹಾಡಿಗೆ ಚಪ್ಪಾಳೆ ತಾಳ ಹಾಕಬೇಡಿ. ಇಂಥ ಹಾಡು ಹಾಡಿ ಎಂದು ಕೂಗಿ ಕೇಳುವುದೂ ಬೇಡ, ಅವರೇ "ಯಾವುದು ಹಾಡಲಿ?" ಎಂದರೆ ಧಾರಾಳವಾಗಿ ಕೂಗಿ.

9. ಮುಗಿದ ಮೇಲೆ

ಹಾಡುಗಾರರು ವೇದಿಕೆ ಬಿಟ್ಟರು ಎಂದು ಎದ್ದು ಹೊರಡಬೇಡಿ. ದೀಪ ಹತ್ತದೆ ಇದ್ದರೆ 'ಎನ್‌ಕೋರ್' ಇದೆ ಎಂದೇ ಅರ್ಥ, ಅಂದರೆ ಮತ್ತೆ ಬಂದು ಒಂದೆರಡು ಹಾಡು ಹಾಡುತ್ತಾರೆ. ಹಾಲ್ ದೀಪ ಹತ್ತಿ, ಸ್ಪೀಕರಿನಲ್ಲಿ ಬೇರೆ ಹಾಡು ಬಂದರೆ ಮುಗಿಯಿತು.

ಹೊರಗೆ 'ಮರ್ಚ್' ಮೇಜು ಇರುತ್ತದೆ: ರೆಕಾರ್ಡ್, ಟೀ ಶರ್ಟ್, ಕೈಬರಹದ ಸಾಹಿತ್ಯದ ಹಾಳೆ. ಚಿಕ್ಕ ಹಾಡುಗಾರರ ಪೆಟ್ರೋಲ್ ಖರ್ಚು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಕೆಲವು ಹಾಲ್‌ಗಳು ಈ ಮಾರಾಟದಲ್ಲೂ ಪಾಲು ಕೇಳುತ್ತವೆ, ಆದರೂ ಆನ್‌ಲೈನ್‌ನಲ್ಲಿ ಹಾಡು ಕೇಳಿ ಬರುವುದಕ್ಕಿಂತ ಎಷ್ಟೋ ಜಾಸ್ತಿ ಅವರ ಕೈ ಸೇರುತ್ತದೆ. ಚಿಕ್ಕ ಶೋಗಳಲ್ಲಿ ಹಾಡುಗಾರರೇ ಆ ಮೇಜಿನ ಹಿಂದೆ ನಿಂತಿರುತ್ತಾರೆ. ಮಾತಾಡಿಸಿ, ಯಾವ ಹಾಡು ಯಾಕೆ ಇಷ್ಟವಾಯಿತು ಎಂದು ಎರಡು ಮಾತಲ್ಲಿ ಹೇಳಿ, ಹಿಂದಿನವರಿಗೆ ಜಾಗ ಬಿಡಿ. ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ.

ವಿನೈಲ್ ರೆಕಾರ್ಡ್ ಕೊಂಡರೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಬಾಗಿಹೋಗುತ್ತದೆ. ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ಎರಡು ಗಟ್ಟಿ ರಟ್ಟಿನ ನಡುವೆ. ಎರಡು ಅಡಿ ಉದ್ದಗಲದ ಚೀಲವೇನೂ ಬೇಕಿಲ್ಲ, ರೆಕಾರ್ಡಿನ ಅಡ್ಡಳತೆ 12 ಇಂಚು. ಕವರ್ ಸೇರಿಸಿ ಅದಕ್ಕಿಂತ ಸ್ವಲ್ಪ ಅಗಲವಿದ್ದರೆ ಸಾಕು.